ಗಂಗಣ್ಣನ ಕನ್ನಡಿಕಾಯಿ

ತೆಂಗಿನಕಾಯಿ ಕಂಡರೆ ಸಾಕು, ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಚಟ ನನಗಿದೆ. ನೀರಿದೆಯೋ ಇಲ್ಲವೋ ಎಂದು ಎಲ್ಲರೂ ಅಲ್ಲಾಡಿಸಿ ನೋಡುತ್ತಾರೆ, ಅದೇನು ಮಹಾ ಎನ್ನಬೇಡಿ. ನಾನು ಒಂದು ಸಲಕ್ಕೆ ಬಿಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಅಲ್ಲಾಡಿಸಿ, ಕಿವಿಗೊಟ್ಟು ನಿಂತುಬಿಡುತ್ತೇನೆ. ಒಮ್ಮೆ ಮೈಸೂರಿನ ಅಂಗಡಿಯೊಂದರಲ್ಲಿ ಹೀಗೆ ನಿಂತಿದ್ದಾಗ ಅಂಗಡಿಯವನು, ಏನ್ ಸಾರ್ ಫೋನ್ ಬಂತಾ ಎಂದು ಕೇಳಿದ. ಜೊತೆಗಿದ್ದ ನನ್ನ ಹೆಂಡತಿ ಹತ್ತು ಹೆಜ್ಜೆ ಆಚೆ ಹೋಗಿ, ಈ ಮನುಷ್ಯ ಯಾರೋ ತನಗೆ ಗೊತ್ತೇ ಇಲ್ಲ ಎಂಬಂತೆ ಟೊಮೆಟೊ ಆರಿಸತೊಡಗಿದಳು. ಅವಳನ್ನು ಬೈಯುವ ಯೋಗ್ಯತೆ ನನಗಿಲ್ಲ. ಗೊತ್ತಿರುವವರನ್ನು ಗೊತ್ತಿಲ್ಲ ಎನ್ನುವ ವಿದ್ಯೆಯಲ್ಲಿ ನಾನು ಅವಳಿಗಿಂತ ಬಹಳ ಹಳಬ.

ನಮ್ಮ ತಿಪಟೂರು ಸೀಮೆಯವರಲ್ಲದವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಕಡೆ ಕಾಯಿ ಒಡೆದು ಬಿಸಿಲಿಗೆ ಹಾಕಿ ಕೊಬ್ಬರಿ ಮಾಡುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ತುಂಬಿ ಒಂದು ವರ್ಷ ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆ ಕೊಬ್ಬರಿಯಾಗಿ ಒಳಗೇ ಉರುಳಾಡಲು ಶುರುಮಾಡುತ್ತದೆ. ಆಗ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ನಾನು ಹುಟ್ಟಿದ್ದು, ಮಲಗಿದ್ದು, ಮಗ್ಗಿ ಬಾಯಿಪಾಠ ಮಾಡಿದ್ದು ಎಲ್ಲಾ ಅಂಥ ಅಟ್ಟದ ಕೆಳಗೆ. ಮಗ್ಗಿ ತಪ್ಪಿದರೆ ನಮ್ಮವ್ವ ಮೇಲೆ ಕೈ ತೋರಿಸಿ, ನಿನ್ನ ತಲೆಗಿಂತ ಆ ಕಾಯಿಗಳೇ ವಾಸಿ, ವರ್ಷಕ್ಕಾದರೂ ಸದ್ದು ಮಾಡುತ್ತವೆ ಎನ್ನುತ್ತಿದ್ದಳು. ಅಟ್ಟದಿಂದ ಉದುರುವ ದೂಳು ಪುಸ್ತಕದ ಮೇಲೆ ಬೀಳುತ್ತಿತ್ತು. ಅದನ್ನು ಊದುವ ನೆಪದಲ್ಲಿ ಅರ್ಧ ಗಂಟೆ ಓದು ತಪ್ಪಿಸುತ್ತಿದ್ದೆ.

ಈ ಸದ್ದನ್ನು ಕೇಳಿಯೇ ಹೊಟ್ಟೆ ಹೊರೆದವನು ಗಂಗಣ್ಣ. ಹುಳಿಯಾರಿನ ಕಡೆಯ ಒಂದು ಹಟ್ಟಿಯವನು. ಅವರಪ್ಪನ ಕಾಲದವರೆಗೂ ಕುರಿ ಕಾಯುತ್ತಿದ್ದ ಮನೆ. ಇವನು ಮಾತ್ರ ತಿಪಟೂರಿಗೆ ಬಂದು, ಮಂಡಿಯವರ ಪರವಾಗಿ ಮನೆಮನೆಯ ಅಟ್ಟ ಹತ್ತಿ ಕಾಯಿ ಆರಿಸುವ ಕೆಲಸ ಹಿಡಿದ. ಆಮೇಲೆ ಸುಲಿಯುವವರು ಬೇರೆ, ಒಡೆಯುವವರು ಬೇರೆ. ಇವನದು ಬರೀ ಕಿವಿಯ ಕೆಲಸ. ಒಂದು ಸಲ ಅಲ್ಲಾಡಿಸಿದರೆ ಇದು ಆಗಿದೆ, ಇದಕ್ಕೆ ಇನ್ನೂ ಹದಿನೈದು ದಿನ ಬೇಕು, ಇದು ಕೊಳೆತಿದೆ ಎಂದು ಪಕ್ಕಕ್ಕೆ ಎಸೆಯುತ್ತಿದ್ದ. ಆಗಿದೆ ಎಂದು ಅವನು ಹೇಳುತ್ತಿರಲಿಲ್ಲ, 'ಮಾತಾಡ್ತು' ಎನ್ನುತ್ತಿದ್ದ. ಅವನು ಮಾತಾಡ್ತು ಎಂದ ಕಾಯಿ ಒಡೆದಾಗ ಹಸಿಯಾಗಿದ್ದದ್ದನ್ನು ಮೂರು ತಾಲ್ಲೂಕಿನಲ್ಲಿ ಯಾರೂ ಕಂಡಿರಲಿಲ್ಲ.

ಇಂಥ ಗಂಗಣ್ಣ ಡಿಸ್ಕೋಗೆ ಬಿದ್ದದ್ದು ಒಬ್ಬ ಲಾರಿ ಡ್ರೈವರನಿಂದ. ಕೊಬ್ಬರಿ ಲೋಡು ಡೆಲ್ಲಿಗೆ ಒಯ್ದಿದ್ದ ಆತ ವಾಪಸು ಬರುವಾಗ ಅಲ್ಲಿನ ಫುಟ್‌ಪಾತಿನಲ್ಲಿ ಒಂದು ಕ್ಯಾಸೆಟ್ ಕೊಂಡು ತಂದು ಗಂಗಣ್ಣನಿಗೆ ಕೊಟ್ಟ. ಮೇಲಿನ ಚೀಟಿ ಕಿತ್ತುಹೋಗಿತ್ತು. ಹಾಡಿದವರು ಯಾರು, ಯಾವ ಭಾಷೆ, ಒಂದೂ ಗೊತ್ತಿಲ್ಲ. ಒಂದು ಮಗ್ಗುಲಿನಲ್ಲಿ ಕುಣಿಸುವ ಹಾಡು, ಇನ್ನೊಂದು ಮಗ್ಗುಲಿನಲ್ಲಿ ಎದೆ ಹಿಂಡುವ ಹಾಡು. ಕಾಲೇಜಿನ ಇಂಗ್ಲಿಷ್ ಮೇಷ್ಟ್ರೊಬ್ಬರಿಗೆ ಕೇಳಿಸಿದಾಗ ಅವರು ಕುಣಿಸುವುದು ಡಿಸ್ಕೋ, ಇನ್ನೊಂದು ಸೋಲ್ ಮ್ಯೂಸಿಕ್ಕು, ಅಂದರೆ ಆತ್ಮದ ಸಂಗೀತ, ಅಮೆರಿಕದ ಹತ್ತಿ ಹೊಲಗಳಲ್ಲಿ ಗೇದವರ ಮೊಮ್ಮಕ್ಕಳು ಹಾಡಿದ್ದು ಎಂದು ವಿವರಿಸಿದರು. ಗಂಗಣ್ಣ ಸುಮ್ಮನೆ ತಲೆಯಾಡಿಸಿದ. ಆಚೆ ಬಂದ ಮೇಲೆ, ಜೊತೆಗೆ ಹೋಗಿದ್ದ ನನಗೆ ಹೇಳಿದ: "ಇದನ್ನ ಅವ್ರು ಹೇಳ್ಬೇಕೇನ್ಲಾ ಸೋಮ. ನಮ್ಮಪ್ಪ ಸಂಜೆ ಹೊತ್ತು ಕಳ್ದೋದ್ ಮರಿ ಕರೀತಿದ್ನಲ್ಲ, ಅದೇ ದನಿ ಕಣ್ಲಾ."

ಆ ಮಾತು ಆಗ ನನಗೆ ನಗೆ ತರಿಸಿತ್ತು. ಅವನು ಹಾಡಿದ್ದು ಕೇಳಿದ ಮೇಲೆ ನಗು ನಿಂತಿತು. ಕ್ಯಾಸೆಟ್ಟಿನ ಧಾಟಿಗೆ ತನ್ನದೇ ಮಾತು ಹಾಕಿ, ಕತ್ತಲಾಗುವ ಮೊದಲು ಒಂದು ಮರಿ ಎಣಿಕೆಗೆ ಸಿಗದೆ ಹೋದ ಕುರಿಯವನ ಹಾಡು ಕಟ್ಟಿದ್ದ. ಹಾಡಿನ ಕೊನೆಯಲ್ಲಿ ಮಾತಿರಲಿಲ್ಲ, ಬರೀ ಕರೆಯುವುದು. ದನಿ ಎದೆಯಿಂದ ಎದ್ದು ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಮೊದಲ ಸಲ ಕೇಳಿದಾಗ ನನಗೆ ಅಳು ಬಂತು. ಅಟ್ಟದ ದೂಳು ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳಿದೆ. ನೋಡಿ, ಆಗಿನಿಂದಲೂ ಸುಳ್ಳೇ.

ಹೀಗೆ ತೊಂಬತ್ತರ ದಶಕದ ಮಧ್ಯದಲ್ಲಿ ಶುರುವಾದದ್ದು ಗಂಗಾ ಸೋಲ್ ಅಂಡ್ ಡಿಸ್ಕೋ ಗ್ರೂಪ್. ಹೆಸರು ದೊಡ್ಡದು, ಜನ ಮೂರು. ಲೀಡರ್ ಗಂಗಣ್ಣ ಹಾಡು ಮತ್ತು ಕುಣಿತ. ಬಸ್ ಕಂಡಕ್ಟರ್ ರಂಗ ಡ್ರಮ್ಮು. ಮೇಷ್ಟ್ರ ತರಬೇತಿಯ ಟಿಸಿಎಚ್ ಮುಗಿಸಿ ಕೆಲಸಕ್ಕೆ ಕಾದು ಕೂತಿದ್ದ ನಾನು ಕೀಬೋರ್ಡು. ನನಗೆ ಬರುತ್ತಿದ್ದುದು ಹಾರ್ಮೋನಿಯಂ, ಅದೂ ಭಜನೆ ಮಟ್ಟದ್ದು. ಯಾವ ಡಿಸ್ಕೋ ಹಾಡಿಗೆ ಕೈಯಿಟ್ಟರೂ ಎರಡನೇ ಸಾಲಿಗೆ ಶನಿವಾರದ ಭಜನೆ ಕೇಳಿಸಿಬಿಡುತ್ತಿತ್ತು. ಜನ ಅದಕ್ಕೂ ಕುಣಿಯುತ್ತಿದ್ದರು. ಗಂಗಣ್ಣನ ಹೆಂಡತಿ ಜಯಕ್ಕ ತನ್ನ ಧಾರೆ ಸೀರೆಯ ಜರಿ ಸೆರಗು ಕತ್ತರಿಸಿ ಅವನ ಅಂಗಿಗೆ ಹೊಲಿದುಕೊಟ್ಟಿದ್ದಳು. ನಮ್ಮಿಬ್ಬರ ಅಂಗಿಗೆ ಬರೀ ಚಮಕಿ. ಅಭ್ಯಾಸ ಮಾಡುತ್ತಿದ್ದುದು ಕಾಯಿ ತುಂಬಿದ ಒಂದು ಗೋಡೌನಿನಲ್ಲಿ. ಸದ್ದನ್ನೆಲ್ಲ ಸಿಪ್ಪೆ ಕುಡಿದುಬಿಡುತ್ತದೆ, ಆಚೆಯವರು ಬೈಯುವುದಿಲ್ಲ.

ಇನ್ನು ಲೈಟು. ಡೆಲ್ಲಿಯ ಹೋಟೆಲೊಂದರಲ್ಲಿ ಕನ್ನಡಿ ಚೂರು ಅಂಟಿಸಿದ ದೊಡ್ಡ ಗುಂಡು ಸೂರಿನಲ್ಲಿ ತಿರುಗುತ್ತಿತ್ತು, ಗೋಡೆ ತುಂಬಾ ಚುಕ್ಕಿ ಓಡಾಡುತ್ತಿದ್ದವು ಎಂದು ಆ ಡ್ರೈವರ್ ಹೇಳಿದ್ದ. ನಮಗೂ ಅದು ಬೇಕೇ ಬೇಕು ಎಂದಾಯಿತು. ಮೊದಲು ಮಡಕೆಗೆ ಅಂಟಿಸಿದೆವು. ಅದು ಮೊದಲನೇ ಕಾರ್ಯಕ್ರಮದಲ್ಲೇ ಹಗ್ಗ ಕಳಚಿ ರಂಗನ ಡ್ರಮ್ಮಿನ ಮೇಲೆ ಬಿತ್ತು. ಆಮೇಲೆ ಗಂಗಣ್ಣ ಅಟ್ಟಕ್ಕೆ ಆಗಷ್ಟೇ ತುಂಬಿದ್ದ ಒಂದು ಭಾರಿ ಕಾಯಿ ಆರಿಸಿ ತಂದು, ಸಿಪ್ಪೆಯ ಮೇಲೆ ಬಡಗಿಯ ಅಂಟು ಬಳಿದು, ಕ್ಷೌರದಂಗಡಿಗಳಿಂದ ತಂದ ಒಡೆದ ಕನ್ನಡಿ ಚೂರುಗಳನ್ನು ಒಂದೊಂದಾಗಿ ಕೂರಿಸಿದ. ನಾರಿನ ಹಗ್ಗ ಕಟ್ಟಿ, ಚೆನ್ನಾಗಿ ಹುರಿಮಾಡಿ ಬಿಟ್ಟರೆ ಅದು ಒಂದು ಹಾಡಿನಷ್ಟು ಹೊತ್ತು ಆ ಕಡೆ ತಿರುಗುತ್ತಿತ್ತು, ಇನ್ನೊಂದು ಹಾಡಿನಷ್ಟು ಹೊತ್ತು ಈ ಕಡೆ. ಅದೇ ನಮ್ಮ ಕನ್ನಡಿಕಾಯಿ. ಪೆಂಡಾಲಿನ ತುಂಬಾ ಚುಕ್ಕಿಗಳು ಹರಿದಾಡುವಾಗ ಮುಂದೆ ಕೂತ ಮುದುಕಿಯರು ತಮ್ಮ ಸೆರಗಿನ ಮೇಲೆ ಬಿದ್ದ ಬೆಳಕನ್ನು ಕೈಯಿಂದ ಒರೆಸಿಕೊಳ್ಳುತ್ತಿದ್ದರು.

ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ನೇತುಹಾಕುವ ಇಂಥ ತಪ್ಪನ್ನು ತೆಂಗಿನ ಸೀಮೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಒಂದು ವರ್ಷಕ್ಕೆ ಸರಿಯಾಗಿ ಕಾಯಿ ಒಳಗೆ ಒಣಗಿ, ನೊಣವಿನಕೆರೆಯ ಕಡೆಯ ಒಂದು ಕಾರ್ಯಕ್ರಮದಲ್ಲಿ, ಮರಿ ಕಳೆದ ಹಾಡಿನ ನಡುವೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಮೇಲಿನಿಂದ ಗಡಗಡ ಎಂದಿತು. ಜನ ಗೊಳ್ಳೆಂದರು. ಗಂಗಣ್ಣ ಹಾಡು ನಿಲ್ಲಿಸಿ ತಲೆಯೆತ್ತಿ ನೋಡಿ, ಮಾತಾಡ್ತು ಎಂದ. ಮಾರನೇ ದಿನ ಅದನ್ನು ಒಡೆದು ಬೆಲ್ಲದ ಜೊತೆ ಹಂಚಿಕೊಂಡು ತಿಂದೆವು. ಅಲ್ಲಿಂದ ಅದೇ ಪದ್ಧತಿಯಾಯಿತು. ಪ್ರತಿವರ್ಷ ಗಣೇಶನ ಹಬ್ಬಕ್ಕೆ ಮುಂಚೆ ಹೊಸ ಕನ್ನಡಿಕಾಯಿ ಮಾಡುವುದು, ಹಳೆಯದು ಮಾತಾಡಿದ್ದರೆ ಅದನ್ನು ಒಡೆದು ತಿನ್ನುವುದು. ಗಂಗಣ್ಣ ಒಂದು ಕಟ್ಟುಪಾಡು ಬೇರೆ ಮಾಡಿದ. ಆ ವರ್ಷ ಯಾರು ಹೆಚ್ಚು ತಪ್ಪು ಬಾರಿಸಿದ್ದಾರೋ ಅವರಿಗೆ ಮೊದಲನೇ ಚೂರು. ಅದನ್ನು ಅವನೇ ಕೈಯಾರೆ ಬಾಯಿಗೆ ಹಾಕುತ್ತಿದ್ದ. ಹಾಕಿದ ಮೇಲೆ ಹಳೆಯ ತಪ್ಪಿನ ಸುದ್ದಿ ಯಾರೂ ಎತ್ತಬಾರದು. ಮೊದಲನೇ ಚೂರು ಪ್ರತಿ ಸಲವೂ ನನಗೇ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ನನಗೆ ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಊರಲ್ಲಿ ಜನ ಸೋಮ ಎನ್ನುವುದು ಬಿಟ್ಟು ಮೇಷ್ಟ್ರೇ ಎನ್ನತೊಡಗಿದರು. ಆ ಎರಡಕ್ಷರ ತಲೆಗೇರಲು ಎಷ್ಟು ಹೊತ್ತು ಬೇಕು? ಚಮಕಿ ಅಂಗಿಯನ್ನು ಪೆಟ್ಟಿಗೆಯ ಅಡಿಗೆ ತಳ್ಳಿದೆ. ಕಾರ್ಯಕ್ರಮಕ್ಕೆ ಬಿಳಿ ಅಂಗಿಯಲ್ಲೇ ಹೋಗಿ, ಸ್ಟೇಜಿನ ಮೂಲೆಯಲ್ಲಿ ಮುಖ ಕಾಣದಂತೆ ಕೂತು ಬಾರಿಸುತ್ತಿದ್ದೆ. ಗಂಗಣ್ಣ ಅದನ್ನು ಕಂಡೂ ಕಾಣದವನಂತೆ ಇದ್ದ. ಇದರ ಮಧ್ಯೆ ಸಂಪಿಗೆ ಎಂಬ ಊರಿನಲ್ಲಿ ಒಂದು ಹೆಣ್ಣು ನೋಡಿಕೊಂಡು ಬಂದೆವು. ನನಗೆ ಹುಡುಗಿ ಬಹಳ ಹಿಡಿಸಿದ್ದಳು. ಅವರ ಕಡೆಯಿಂದ ಇನ್ನೂ ಮಾತು ಬಂದಿರಲಿಲ್ಲ. ಹುಡುಗನ ನಡತೆ ವಿಚಾರಿಸುತ್ತಿದ್ದಾರೆ ಎಂದು ಸುದ್ದಿ ಬಂದಿತ್ತು.

ಆ ಸಲದ ಗಣೇಶನಿಗೆ ದಬ್ಬೇಘಟ್ಟದಲ್ಲಿ ಕಾರ್ಯಕ್ರಮ ಒಪ್ಪಿಕೊಂಡಿದ್ದೆವು. ಮಧ್ಯಾಹ್ನ ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದೆವು. ರಂಗ ಬಸ್ಸು ವಿಚಾರಿಸಲು ಹೋಗಿದ್ದ. ಗಂಗಣ್ಣ ಆಗಲೇ ಜರಿ ಅಂಗಿ ತೊಟ್ಟು ನನ್ನ ಪಕ್ಕದಲ್ಲಿದ್ದ. ನನ್ನ ಕಾಲ ಬಳಿ ಕೀಬೋರ್ಡು, ತೊಡೆಯ ಮೇಲೆ ಬಟ್ಟೆ ಚೀಲದಲ್ಲಿ ಅವತ್ತೇ ಹೊಸದಾಗಿ ತಯಾರಾದ ಕನ್ನಡಿಕಾಯಿ. ಆಗ ಎದುರಿಗೆ ಬಂದು ನಿಂತವರು ಸಂಪಿಗೆಯ ಹುಡುಗಿಯ ಅಪ್ಪ. ಏನ್ ಮೇಷ್ಟ್ರೇ ಈ ಕಡೆ ಎಂದರು. ನಾನು ಎದ್ದು ನಿಂತೆ. ಅವರ ಕಣ್ಣು ಗಂಗಣ್ಣನ ಅಂಗಿಯ ಮೇಲೆ ಹೋಯಿತು. ಇವರು ನಿಮ್ಮ ಕಡೆಯವರಾ ಎಂದು ಕೇಳಿದರು.

"ಇಲ್ಲ, ನಂಗೆ ಗೊತ್ತಿಲ್ಲ. ಯಾರೋ ನಾಟ್ಕದೋರು ಇರ್ಬೇಕು," ಎಂದೆ.

ಅಷ್ಟು ಸಲೀಸಾಗಿ ಬಾಯಿಂದ ಬಂತು. ಗಂಗಣ್ಣ ನನ್ನ ಮುಖ ನೋಡಲಿಲ್ಲ. ಎದ್ದು, ಬಗ್ಗಿ, ನನ್ನ ಕಾಲ ಬಳಿಯ ಕೀಬೋರ್ಡಿಗೆ ಕೈ ಹಾಕಿದ. "ಇದು ನಮ್ದು ಸ್ವಾಮಿ, ಸ್ವಲ್ಪ ಸರ್ಕೊಳಿ," ಎಂದ. ಲೇ ಸೋಮ ಎನ್ನುತ್ತಿದ್ದವನು ನನ್ನನ್ನು ಸ್ವಾಮಿ ಎಂದ. ನನ್ನ ಸುಳ್ಳನ್ನು ಅವನೇ ಉಳಿಸಿಕೊಟ್ಟ. ಬಸ್ಸು ಬಂತು. ರಂಗನೂ ಅವನೂ ಹತ್ತಿದರು. ರಂಗ ಬಾಗಿಲಿನಿಂದ ನನ್ನನ್ನು ಕೂಗಲು ಬಾಯಿ ತೆಗೆದದ್ದನ್ನೂ ಗಂಗಣ್ಣ ಅವನ ಭುಜ ಹಿಡಿದು ಒಳಕ್ಕೆ ಎಳೆದದ್ದನ್ನೂ ಕಂಡೆ. ಮಾವನಾಗುವವರು ಈ ವರ್ಷದ ಮಳೆ ಬಗ್ಗೆ ಮಾತಾಡುತ್ತಿದ್ದರು. ನಾನು ಹೌದು ಹೌದು ಎನ್ನುತ್ತಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನೋಡುತ್ತೇನೆ, ಕನ್ನಡಿಕಾಯಿಯ ಚೀಲ ನನ್ನ ಕೈಯಲ್ಲೇ ಉಳಿದಿದೆ.

ಅವತ್ತು ದಬ್ಬೇಘಟ್ಟದಲ್ಲಿ ಕೀಬೋರ್ಡು ಬಾರಿಸುವವರಿಲ್ಲ, ಚುಕ್ಕಿ ಬೆಳಕಿಲ್ಲ. ಬರೀ ಡ್ರಮ್ಮಿಗೆ ಗಂಗಣ್ಣ ಹಾಡಿದನಂತೆ. ಇದನ್ನು ಹೇಳಿದವಳು ನನ್ನ ಹೆಂಡತಿ, ಅದೇ ಸಂಪಿಗೆಯ ಹುಡುಗಿ, ಮದುವೆಯಾಗಿ ಮೂರು ತಿಂಗಳಾದ ಮೇಲೆ. ತಮ್ಮಂದಿರ ಜೊತೆ ಅವಳು ಅವತ್ತು ಮೊದಲ ಸಾಲಿನಲ್ಲಿ ಕೂತಿದ್ದಳಂತೆ. ಮರಿ ಕಳೆದ ಹಾಡಿಗೆ ಹೆಂಗಸರೆಲ್ಲ ಅತ್ತರಂತೆ. ಅಪ್ಪ ತುರುವೇಕೆರೆಯ ಕೆಲಸ ಮುಗಿಸಿ ನೇರ ಅಲ್ಲಿಗೇ ಬಂದರು, ಅವರಿಗೂ ಡಿಸ್ಕೋ ಅಂದರೆ ಆಸೆ ಎಂದು ನಗುನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಎದ್ದು ಹಿತ್ತಿಲಿಗೆ ಹೋದೆ. ಬಾಯಿ ಬಿಟ್ಟು ನಿಜ ಹೇಳಿದ್ದರೆ ಹೆಣ್ಣೂ ದಕ್ಕುತ್ತಿತ್ತು, ಗಂಗಣ್ಣನೂ ಉಳಿಯುತ್ತಿದ್ದ.

ಅವನು ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅದು ನಡೆದು ಎರಡು ತಿಂಗಳಾದ ಮೇಲೆ ರಂಗನ ಕೈಲಿ ಒಂದು ಮಾತು ಹೇಳಿ ಕಳಿಸಿದ. ನನ್ನ ಶಾಲೆ ಇದ್ದುದು ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ದಾರಿಯಲ್ಲಿ, ರಂಗನ ಬಸ್ಸು ದಿನಾ ಅಲ್ಲೇ ನಿಲ್ಲುತ್ತಿತ್ತು. ಅವನು ಫುಟ್‌ಬೋರ್ಡಿನಿಂದ ಬಗ್ಗಿ, "ಗಂಗಣ್ಣ ಕೇಳ್ತಾನೆ ಕಣ್ಲಾ, ಕಾಯಿ ಮಾತಾಡ್ತಾ ಅಂತ," ಎಂದ. ಇಲ್ಲ, ಇನ್ನೂ ಇಲ್ಲ ಎಂದೆ. ಆ ವರ್ಷ ಅದು ನಿಜವೇ ಆಗಿತ್ತು. ಕಾಯಿಯನ್ನು ಅಟ್ಟದ ಮೂಲೆಯಲ್ಲಿ, ಗೋಣಿಚೀಲ ಮುಚ್ಚಿ ಇಟ್ಟಿದ್ದೆ.

ವರ್ಷ ತುಂಬಿತು. ಒಂದು ಭಾನುವಾರ ಅಟ್ಟ ಹತ್ತಿ ಅಲ್ಲಾಡಿಸಿದೆ. ಗಡಗಡ ಎಂದಿತು. ಮಾತಾಡ್ತು ಎಂದು ಹೇಳಿದರೆ ತೆಗೆದುಕೊಂಡು ಹೋಗಬೇಕು, ಹೋದರೆ ಅವನ ಎದುರು ಕೂರಬೇಕು, ಕೂತರೆ ಆ ಬಸ್‌ಸ್ಟ್ಯಾಂಡಿನ ಮಾತು ಎತ್ತಲೇಬೇಕು. ಮಾರನೇ ದಿನ ರಂಗ ಕೇಳಿದಾಗ ಇನ್ನೂ ಇಲ್ಲ ಎಂದುಬಿಟ್ಟೆ. ಮುಂದಿನ ವರ್ಷವೂ ಇಲ್ಲ ಎಂದೆ. ಅದರ ಮುಂದಿನ ವರ್ಷವೂ. ಅಷ್ಟರಲ್ಲಿ ಗ್ರೂಪು ನಿಂತಿತ್ತು. ಸಿಡಿ ಹಾಕಿಕೊಂಡು ಕುಣಿಯುವ ಹುಡುಗರು ಬಂದಿದ್ದರು. ಗಂಗಣ್ಣ ಅಟ್ಟ ಹತ್ತುವ ಕೆಲಸಕ್ಕೆ ಪೂರ್ತಿ ವಾಪಸಾಗಿದ್ದ. ಆದರೂ ಗಣೇಶನ ಹಬ್ಬ ಹತ್ತಿರ ಬಂದರೆ ಆ ಪ್ರಶ್ನೆ ತಪ್ಪದೆ ಬರುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಬೇಕು ಎಂದು ಪಾಠ ಮಾಡಿ, ಗಂಟೆ ಹೊಡೆದ ಮೇಲೆ ಬಸ್‌ಸ್ಟಾಪಿಗೆ ಬಂದು ಸುಳ್ಳು ಹೇಳುತ್ತಿದ್ದೆ. ಮುಂದಿನ ವರ್ಷ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ಅವನಿಗೆ ಇನ್ನೂ ನಲವತ್ತೈದು, ನನಗೇನು ಅವಸರ?

ಏಳನೇ ವರ್ಷ ರಂಗನ ಬಸ್ಸು ಬಂದು ನಿಂತಾಗ ಅವನು ಪ್ರಶ್ನೆ ಕೇಳಲಿಲ್ಲ. ಕೆಳಗಿಳಿದು ಬಂದು, ಗಂಗಣ್ಣ ಹೋಗ್ಬುಟ್ಟ ಕಣ್ಲಾ ಎಂದ. ಬೆಳಗ್ಗೆ ಯಾರದೋ ಅಟ್ಟದಿಂದ ಇಳಿದವನು ಎದೆ ಹಿಡಿದುಕೊಂಡು ಏಣಿಯ ಬುಡದಲ್ಲೇ ಕೂತನಂತೆ. ಮಣ್ಣಿಗೆ ಹೋಗಲು ನನಗೆ ಮುಖ ಇರಲಿಲ್ಲ. ಹೋಗಲಿಲ್ಲ.

ಹನ್ನೊಂದನೇ ದಿನಕ್ಕೆ ಹೋದೆ. ಅಟ್ಟದಿಂದ ಕನ್ನಡಿಕಾಯಿ ಇಳಿಸಿ, ದೂಳು ಒರೆಸಿ, ಅದೇ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋದೆ. ನೆಂಟರೆಲ್ಲ ಊಟ ಮಾಡಿ ಎದ್ದಿದ್ದರು. ಜಯಕ್ಕ ಒಳಗಿನ ಕೋಣೆಯಲ್ಲಿ ಕೂತಿದ್ದಳು. ನಾನು ಎದುರಿಗೆ ಕೂತು ಚೀಲದಿಂದ ಕಾಯಿ ತೆಗೆದು ಅವಳ ಮುಂದಿಟ್ಟೆ. ದಾರಿಯುದ್ದಕ್ಕೂ ನಿಜದ ಮಾತನ್ನೇ ಹೊಂದಿಸಿಕೊಂಡು ಬಂದಿದ್ದೆ. ಈಗ ಮಾತಾಡ್ತು ಜಯಕ್ಕ, ಅದಕ್ಕೇ ತಂದೆ ಎಂದೆ. ಕೊನೆಗೂ ಸುಳ್ಳೇ ಹೇಳಿದೆ, ಸತ್ತವನ ಮನೆಯಲ್ಲಿ.

ಅವಳು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿನ ಸದ್ದು ಗಟ್ಟಿಯಾಗಿರಲಿಲ್ಲ, ಕಲ್ಲಿನ ಚೂರು ಉರುಳಿದಂತೆ ಸಣ್ಣಗಿತ್ತು. ತೆಂಗಿನ ಸೀಮೆಯ ಹೆಂಗಸಿಗೆ ಅದು ಗೊತ್ತಾಗದೆ ಇರುತ್ತದೆಯೇ? ನನ್ನ ಮುಖ ನೋಡಿದಳು. ಬೈಯಲಿಲ್ಲ.

"ನಿಮ್ಮನೆ ಅಟ್ಟುಕ್ಕೆ ಬಂದಿದ್ದ ಕಣಪ್ಪ ಅವ್ನು," ಎಂದಳು. "ನಿನ್ ಮದ್ವೆ ಆಗಿ ಎರಡ್ನೇ ವರ್ಷ. ನೀನು ಇಸ್ಕೂಲ್ಗೆ ಹೋಗಿದ್ದೆ. ಗೋಣಿಚೀಲದ ಕೆಳ್ಗೆ ಇದು ಸಿಕ್ತಂತೆ. ಅಲ್ಲಾಡ್ಸಿ ನೋಡಿ, ಹಂಗೇ ಮುಚ್ಚಿಟ್ಟು ಬಂದ. ತಗಂಡ್ ಬರ್ಬಾರ್ದಾಗಿತ್ತಾ ಅಂದೆ. ಬ್ಯಾಡ ಬುಡು, ಅವ್ನೇ ತರ್ಲಿ, ಮೊದಲ್ನೇ ಚೂರು ಅವ್ನಿಗೇ ಇಡ್ಬೇಕು ಅಂದ."

ಪ್ರತಿವರ್ಷ ನಮ್ಮ ಅಟ್ಟದ ಕಾಯಿ ಆರಿಸಲು ಮಂಡಿಯಿಂದ ನಾಲ್ಕೈದು ಜನ ಬರುತ್ತಿದ್ದರು. ಅವ್ವನೇ ಎಲ್ಲಾ ನೋಡಿಕೊಳ್ಳುತ್ತಿದ್ದಳು, ಬಂದವರ ಸುದ್ದಿ ನನಗೆ ಹೇಳುತ್ತಿರಲಿಲ್ಲ. ತಲೆಗೆ ಟವೆಲ್ ಸುತ್ತಿದ ಆಳುಗಳಲ್ಲಿ ಯಾರು ಯಾರೆಂದು ನನ್ನ ಹೆಂಡತಿಗೂ ತಿಳಿಯದು, ನಾನೂ ಒಂದು ದಿನ ವಿಚಾರಿಸಿದವನಲ್ಲ. ಅವನಿಗೆ ಗೊತ್ತಿತ್ತು. ಮೂರು ತಾಲ್ಲೂಕಿನ ಕಾಯಿಗೆ ಕಿವಿಯಾಗಿದ್ದವನಿಗೆ, ಒಂದು ಕಾಯಿ ಆರು ವರ್ಷ ಹಸಿಯಾಗಿರುವುದಿಲ್ಲ ಎಂಬುದು ಗೊತ್ತಿತ್ತು. ಆದರೂ ಕೇಳುತ್ತಲೇ ಇದ್ದ. ನಾನು ಇಲ್ಲ ಎಂದಾಗಲೆಲ್ಲ ಸರಿ ಎಂದು ಇನ್ನೊಂದು ವರ್ಷ ಕಾದ. ನಾನು ಅವನಿಗೆ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಅವನು ನನಗೆ ಸಮಯ ಕೊಡುತ್ತಿದ್ದ.

ಜಯಕ್ಕ ಮಚ್ಚು ತರಿಸಿ ತಾನೇ ಸಿಪ್ಪೆ ಸೀಳಿದಳು. ಕನ್ನಡಿ ಚೂರುಗಳು ನೆಲದ ಮೇಲೆಲ್ಲ ಉದುರಿದವು. ಚಿಪ್ಪು ಒಡೆದಾಗ ಒಳಗಿದ್ದದ್ದು ನಿಂಬೆಹಣ್ಣಿನ ಗಾತ್ರಕ್ಕೆ ಮುದುಡಿ ಕಪ್ಪಾದ ಕೊಬ್ಬರಿ. ಕಮಟು ವಾಸನೆ ಮೂಗಿಗೆ ಹೊಡೆಯಿತು. ಅವಳು ಅದರಿಂದ ಒಂದು ಚೂರು ಮುರಿದು, ಬಾ ಎಂದು ಕರೆದು, ಗಂಗಣ್ಣ ಹಾಕುತ್ತಿದ್ದ ಹಾಗೆಯೇ ನನ್ನ ಬಾಯಿಗೆ ಹಾಕಿದಳು. ಬಾಯೆಲ್ಲ ಕಹಿಯಾಯಿತು. ಉಗುಳಲಿಲ್ಲ. ಅಗಿದು ನುಂಗಿದೆ. ಅವಳ ಮುಂದೆ ಮಗುವಿನ ಹಾಗೆ ಅತ್ತೆ, ಈ ಸಲ ದೂಳು ಬಿತ್ತು ಎನ್ನಲಿಲ್ಲ.

ರಂಗನ ಪಾಲಿನ ಚೂರನ್ನು ಪೇಪರಿನಲ್ಲಿ ಕಟ್ಟಿಕೊಟ್ಟಳು. ಡ್ಯೂಟಿ ಇದ್ದುದರಿಂದ ಅವನು ಬೆಳಗ್ಗೆಯೇ ಬಂದು ಹೋಗಿದ್ದ. ಸಂಜೆ ಅವನ ಬಸ್ಸಿಗೇ ಹತ್ತಿ ಪೊಟ್ಟಣ ಕೊಟ್ಟೆ. ಬಿಚ್ಚಿ ನೋಡಿ, ಏನೂ ಕೇಳದೆ ಬಾಯಿಗೆ ಹಾಕಿಕೊಂಡ. ಮುಖ ಕಿವುಚಿತು, ಆದರೂ ಅಗಿಯುತ್ತಾ ಹೋದ.

"ಅದು ಮಾತಾಡಿ ಆರು ವರ್ಷ ಆಗಿತ್ತು ಕಣ್ಲಾ ರಂಗ," ಎಂದೆ.

"ಗೊತ್ತು ಬುಡು," ಎಂದು ಅವನು ವಿಸಿಲ್ ಊದಿದ.